ಉತ್ತರಕುಮಾರನ ಎರಡನೆಯ ಯುದ್ಧ

ನಿಲ್ಕುಂದದಂಥ ಘಟ್ಟದಂಚಿನ ಊರುಗಳಲ್ಲಿ ಹುಟ್ಟಿ ಬೆಳೆದವರಿಗೆ ಯುದ್ಧದ ಮೊದಲ ಪರಿಚಯ ಆಗುವುದೇ ಯಕ್ಷಗಾನದಿಂದ. ಸಿದ್ದಾಪುರ, ಶಿರಸಿ, ಯಲ್ಲಾಪುರ ಸೀಮೆಯ ತೋಟಪಟ್ಟಿಯ ಮನೆಗಳಿಂದ ಸೈನ್ಯ ಸೇರುವವರು, ನಾನು ಕಂಡ ಮಟ್ಟಿಗೆ, ಕಡಿಮೆ. ಆದರೆ ಅಭಿಮನ್ಯು, ಸುಧನ್ವ, ಬಭ್ರುವಾಹನ, ಕರ್ಣ ಎಲ್ಲರ ಕಾಳಗವನ್ನೂ ನಾವು ನಿದ್ದೆಗೆಟ್ಟು ನೋಡಿದ್ದೇವೆ, ಮರುದಿನ ಕೊಟ್ಟೆಅಡಿಕೆ ಸುಲಿಯುತ್ತ ಅದರ ಅರ್ಥಗಾರಿಕೆಯ ಬಗ್ಗೆ ವಾದ ಮಾಡಿದ್ದೇವೆ. ವೀರ ಯಾರು, ಹೇಡಿ ಯಾರು ಎಂಬ ನಮ್ಮ ತೀರ್ಮಾನಗಳು ಬಹುಪಾಲು ಅಲ್ಲಿಂದಲೇ ಬಂದವು. ಹೇಡಿ ಯಾರು ಎಂದು ಕೇಳಿದರೆ ಶಾಲೆಯ ಮಕ್ಕಳೂ ಉತ್ತರಕುಮಾರ ಎನ್ನುತ್ತಾರೆ. ಅವನ ಪೌರುಷ ಒಲೆಯ ಮುಂದೆ ಎಂಬ ಗಾದೆಯೇ ಇದೆ.

ಕಥೆ ಎಲ್ಲರಿಗೂ ಗೊತ್ತು. ಅಂತಃಪುರದ ಹೆಂಗಸರ ಮುಂದೆ ಮೀಸೆ ತಿರುವಿದ ಹುಡುಗ ಕೌರವ ಸೇನೆಯನ್ನು ಕಂಡದ್ದೇ ತಡ, ಮೈ ನಡುಗಿ ರಥದಿಂದ ಹಾರಿ ಓಡುತ್ತಾನೆ. ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನ ಬೆನ್ನಟ್ಟಿ ಹಿಡಿಯುತ್ತಾನೆ. ಸಭೆ ಬಿದ್ದು ಬಿದ್ದು ನಗುತ್ತದೆ. ಹಾಸ್ಯಗಾರನಿಗೆ ಚಪ್ಪಾಳೆ ತಟ್ಟಿದ ಮೇಲೆ ಉತ್ತರನನ್ನು ನಾವು ಮರೆತುಬಿಡುತ್ತೇವೆ.

ಮಹಾಭಾರತ ಅವನನ್ನು ಮರೆಯುವುದಿಲ್ಲ. ಕುರುಕ್ಷೇತ್ರದ ಮೊದಲನೆಯ ದಿನವೇ ಉತ್ತರ ಆನೆಯೇರಿ ಶಲ್ಯನ ಮೇಲೆ ನುಗ್ಗುತ್ತಾನೆ. ಶಲ್ಯನೆಂದರೆ ಮದ್ರದೇಶದ ರಾಜ, ಆ ಯುದ್ಧದ ಮುಖ್ಯ ರಥಿಕರಲ್ಲಿ ಒಬ್ಬ. ಉತ್ತರನ ಆನೆ ಶಲ್ಯನ ರಥದ ನಾಲ್ಕೂ ಕುದುರೆಗಳನ್ನು ತುಳಿದು ಹಾಕುತ್ತದೆ. ಶಲ್ಯ ಎಸೆದ ಶಕ್ತ್ಯಾಯುಧಕ್ಕೆ ಉತ್ತರ ಬೀಳುತ್ತಾನೆ. ಓಡಿಹೋಗಿದ್ದ ಹುಡುಗ ಹೀಗೆ ಎದುರಿಗೇ ನಿಂತು ಸತ್ತ. ಈ ಸಾವಿಗೆ ಮೀಸಲಾದ ಒಂದು ಪ್ರಸಂಗವನ್ನು ನಾನು ನೋಡಿಲ್ಲ, ತಾಳಮದ್ದಳೆಯಲ್ಲಿ ಅದರ ಪ್ರಸ್ತಾಪವನ್ನೂ ಕೇಳಿಲ್ಲ.

ಆ ಓಟಕ್ಕೂ ಈ ಸಾವಿಗೂ ನಡುವೆ ಏನಾಯಿತು ಎಂಬುದೇ ನನಗೆ ಮುಖ್ಯವಾದ ಪ್ರಶ್ನೆ. ವಿರಾಟಪರ್ವವನ್ನು ನಿಧಾನವಾಗಿ ಓದಿದರೆ ಉತ್ತರ ಅಲ್ಲಿಯೇ ಸಿಗುತ್ತದೆ. ಅರ್ಜುನ ಅವನಿಗೆ ಕ್ಷಾತ್ರಧರ್ಮದ ಮೇಲೆ ದೊಡ್ಡ ಭಾಷಣ ಬಿಗಿದು ಬಿಟ್ಟುಬಿಡುವುದಿಲ್ಲ. ಓಡುವವನನ್ನು ತಡೆದು ನಿಲ್ಲಿಸಿ, ನೀನು ಹೋರಾಡಬೇಡ, ರಥ ಹೊಡೆ ಎನ್ನುತ್ತಾನೆ. ಶಮೀವೃಕ್ಷ ಹತ್ತಿಸಿ ಆಯುಧ ಇಳಿಸುವ ಕೆಲಸ ಹಚ್ಚುತ್ತಾನೆ. ಶಂಖದ ಧ್ವನಿಗೆ ಉತ್ತರ ಮತ್ತೆ ಕಂಗೆಟ್ಟು ರಥದಲ್ಲಿ ಕುಸಿದು ಕುಳಿತಾಗ ಕುದುರೆಗಳನ್ನು ನಿಲ್ಲಿಸಿ, ಅವನನ್ನು ಅಪ್ಪಿಕೊಂಡು ಧೈರ್ಯ ಹೇಳುತ್ತಾನೆ. ಕೈಗೊಂದು ಕೆಲಸ, ಪಕ್ಕಕ್ಕೊಬ್ಬ ಮನುಷ್ಯ. ಭೀಷ್ಮ, ದ್ರೋಣ, ಕರ್ಣರ ಎದುರು ಆ ಹುಡುಗ ಅಂದು ಇಡೀ ಕಾಳಗದಲ್ಲಿ ರಥ ನಡೆಸಿದ. ಭಯ ಹೋಗಿತ್ತೆಂದು ನನಗೆ ಅನ್ನಿಸುವುದಿಲ್ಲ. ಭಯದ ಜೊತೆಯಲ್ಲೇ ಲಗಾಮು ಹಿಡಿಯಲು ಕಲಿತಿದ್ದ.

ಧೈರ್ಯವಂತರು ಒಂದು ಜಾತಿ, ಅಂಜುಬುರುಕರು ಇನ್ನೊಂದು ಜಾತಿ ಎಂದು ಮನುಷ್ಯರನ್ನು ಹುಟ್ಟಿನಿಂದಲೇ ವಿಂಗಡಿಸುವ ಅಭ್ಯಾಸ ತಪ್ಪು ಎಂಬುದು ನನ್ನ ವಾದ. ಸೈನಿಕನ ಧೈರ್ಯಕ್ಕೆ ಅವನೊಬ್ಬನೇ ಬಂಡವಾಳ ಹಾಕಿರುವುದಿಲ್ಲ. ಅವನ ಜೊತೆಗಾರರು, ಅವನ ಕೆಲಸ, ಅವನ ಹಿಂದೆ ನಿಂತ ಊರು, ಎಲ್ಲರೂ ಅದರಲ್ಲಿ ಪಾಲುದಾರರು. ಹಾಗಿದ್ದಮೇಲೆ ಅವನು ಕುಸಿದಾಗ ಆ ಕುಸಿತವನ್ನೂ ಅವನೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಬನವಾಸಿಗೆ ಹೋದವರು, ಬಿಳಗಿಯ ಕಡೆ ಅಡ್ಡಾಡಿದವರು ವೀರಗಲ್ಲುಗಳನ್ನು ನೋಡಿಯೇ ಇರುತ್ತಾರೆ. ಕನ್ನಡ ನಾಡಿನಷ್ಟು ವೀರಗಲ್ಲುಗಳಿರುವ ಸೀಮೆಗಳು ಕಡಿಮೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಸತ್ತವನನ್ನು ಕರೆದೊಯ್ಯುವ ದೃಶ್ಯ, ಮೇಲೆ ಲಿಂಗದ ಮುಂದೆ ಅವನು ಕೈಮುಗಿದು ಕುಳಿತಿರುವುದು. ಬರಹವಿದ್ದರೆ ಕಾರಣವೂ ಇರುತ್ತದೆ: ತುರುಗೋಳು, ಪೆಣ್ಬುಯ್ಯಲು, ಊರಳಿವು. ದನ ಹೊಡೆದುಕೊಂಡು ಹೋದವರನ್ನು ಅಟ್ಟಿದವನು, ಹೆಂಗಸರ ಮಾನಕ್ಕೆ ಅಡ್ಡ ನಿಂತವನು, ಊರು ಉರಿಯುವಾಗ ಬಾಗಿಲಲ್ಲಿ ಬಿದ್ದವನು. ಎಷ್ಟೋ ಕಲ್ಲುಗಳಲ್ಲಿ ಒಂದೇ ಸಂಸ್ಕೃತ ಶ್ಲೋಕ ಮತ್ತೆ ಮತ್ತೆ ಬರುತ್ತದೆ. ಗೆದ್ದರೆ ಸಂಪತ್ತು, ಸತ್ತರೆ ಸುರಾಂಗನೆಯರು, ಕ್ಷಣದಲ್ಲಿ ಅಳಿಯುವ ಮೈಗೆ ರಣದಲ್ಲಿ ಸಾಯುವ ಚಿಂತೆ ಏಕೆ ಎಂಬುದು ಅದರ ತಾತ್ಪರ್ಯ.

ಚಿಂತೆಯೇ ಇಲ್ಲದವರಿಗೆ ಯಾರೂ ಹೀಗೆ ಸಮಾಧಾನ ಹೇಳುವುದಿಲ್ಲ. ಊರೂರಿನ ಕಲ್ಲಿನ ಮೇಲೂ ಆ ಮಾತನ್ನು ಕೊರೆಯಬೇಕಾಯಿತೆಂದರೆ ಸಾವಿನ ಭಯ ಆ ಕಾಲದ ಆಳುಗಳನ್ನೂ ಕಾಡುತ್ತಿತ್ತೆಂದೇ ನಾನು ತಿಳಿಯುತ್ತೇನೆ. ಕಲ್ಲು ಸಾಮಾನ್ಯವಾಗಿ ಸಿಕ್ಕಿದ್ದು ನಿಂತು ಸತ್ತವನಿಗೆ. ನಡುಗುತ್ತಲೇ ಹೋರಾಡಿ, ಬದುಕಿ, ಮನೆಗೆ ಬಂದು, ರಾತ್ರಿ ಬೆಚ್ಚಿಬೀಳುತ್ತಿದ್ದವನ ಹೆಸರು ಎಲ್ಲಿಯೂ ಉಳಿಯಲಿಲ್ಲ. ಸತ್ತವರ ದಾಖಲೆಯನ್ನಷ್ಟೇ ಇಟ್ಟುಕೊಂಡು ಹಿಂದಿನವರು ಅಂಜದ ಗಂಡುಗಳು, ಇಂದಿನವರು ಸುಖಪುರುಷರು ಎಂದು ಹೇಳುವ ಮಾತಿಗೆ ಆಧಾರವಿಲ್ಲ.

ಆದರೆ ಆ ಕಾಲಕ್ಕೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಸತ್ತವನ ಮನೆಯವರಿಗೆ ಭೂಮಿ ಬಿಡುತ್ತಿದ್ದರು. ನೆತ್ತರುಕೊಡಗೆ ಎಂದು ಶಾಸನಗಳು ಕರೆಯುವುದು ಈ ಉಂಬಳಿಯನ್ನೇ. ಅಪ್ಸರೆಯರ ಚಿತ್ರಕ್ಕಿಂತ ಈ ಗದ್ದೆಯ ತುಂಡು ಆ ಆಳಿಗೆ ಹೆಚ್ಚು ಧೈರ್ಯ ಕೊಟ್ಟಿರಬೇಕು. ತಾನು ಬಿದ್ದರೆ ಹೆಂಡತಿ ಮಕ್ಕಳು ಬೇರೆಯವರ ಅಂಗಳದಲ್ಲಿ ಕೈಚಾಚಬೇಕಾಗಿಲ್ಲ ಎಂದು ಗೊತ್ತಿರುವವನ ಕಾಲು ಬೇಗ ಹಿಂದೆ ಸರಿಯುವುದಿಲ್ಲ. ಸಿದ್ದಾಪುರ ತಾಲೂಕಿನವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. 1932ರ ಕರನಿರಾಕರಣೆಯಲ್ಲಿ ಇಲ್ಲಿಯ ಮತ್ತು ಅಂಕೋಲೆಯ ರೈತರು ಜಮೀನು, ಮನೆ, ಪಾತ್ರೆಪಗಡ ಜಪ್ತಿಯಾಗುವುದನ್ನು ನೋಡುತ್ತ ನಿಂತರು. ಮಾವಿನಗುಂಡಿಯಲ್ಲಿ ಹೆಂಗಸರು ಜಪ್ತಿಯಾದ ಆಸ್ತಿ ಹಿಡಿದವರ ಮನೆಯೆದುರು ಸತ್ಯಾಗ್ರಹಕ್ಕೆ ಕುಳಿತರು. ಅದು ಸೈನಿಕರ ಕಥೆಯಲ್ಲ, ನಿಜ. ಆದರೆ ಒಂದು ಮನೆಯ ಒಲೆ ಆರಿದರೆ ಇನ್ನೊಂದು ಮನೆಯಿಂದ ಅನ್ನ ಬರುತ್ತದೆ ಎಂಬ ಭರವಸೆ ಇಲ್ಲದಿದ್ದರೆ ಆ ಹೋರಾಟ ಒಂದು ವಾರವೂ ನಡೆಯುತ್ತಿರಲಿಲ್ಲವೆಂದು ನಾನು ನಂಬುತ್ತೇನೆ.

ಇಲ್ಲಿ ಒಂದು ಕಷ್ಟದ ಪ್ರಶ್ನೆ ಎದುರಾಗುತ್ತದೆ. ಸಾಯಲೇಬೇಕೆಂದು ಹೊರಟವನನ್ನು ಧೈರ್ಯಶಾಲಿ ಎನ್ನಬೇಕೆ? ನಮ್ಮಲ್ಲಿ ವೇಳೆವಾಳಿಯ ಪದ್ಧತಿ ಇತ್ತು. ಒಡೆಯ ಸತ್ತರೆ ತಾನೂ ಸಾಯುತ್ತೇನೆಂದು ಭಾಷೆ ಕೊಟ್ಟವರು ಅದನ್ನು ನಡೆಸಿ ತೋರಿಸುತ್ತಿದ್ದರು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬ ಇಮ್ಮಡಿ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನದು. ದೊರೆ ಹೋದ ಮೇಲೆ ಅವನೂ ಅವನ ಹೆಂಡತಿಯೂ ಅವನೊಂದಿಗೆ ಭಾಷೆ ಕೊಟ್ಟಿದ್ದ ಗರುಡರೆಂಬ ಆಳುಗಳೂ ಪ್ರಾಣ ಕೊಟ್ಟರು. ಆ ಕಂಬದ ಮುಂದೆ ನಿಂತರೆ ಮೈ ಜುಮ್ಮೆನ್ನುತ್ತದೆ. ಅವರ ನಿಷ್ಠೆಯನ್ನು ನಾನು ಸಣ್ಣದು ಮಾಡಲಾರೆ. ಆದರೂ ಅದನ್ನು ಸೈನಿಕನ ಧೈರ್ಯದ ಮಾದರಿ ಎಂದು ಒಪ್ಪಲು ನನ್ನ ಮನಸ್ಸು ಸಿದ್ಧವಿಲ್ಲ.

ಗ್ರೀಸಿನ ಸ್ಪಾರ್ಟಾದವರು ಈ ಪ್ರಶ್ನೆಯನ್ನು ನೇರವಾಗಿಯೇ ಎದುರಿಸಿದ್ದರು. ಕ್ರಿಸ್ತಪೂರ್ವ 480ರಲ್ಲಿ ಥರ್ಮೋಪಿಲೆಯ ಕಣಿವೆಯಲ್ಲಿ ಅವರ ಮುನ್ನೂರು ಮಂದಿ ಪರ್ಷಿಯನ್ನರನ್ನು ತಡೆದು ಮಡಿದರು. ಕಣ್ಣುಬೇನೆಯಿಂದ ಹಿಂದೆ ಉಳಿದ ಇಬ್ಬರಲ್ಲಿ ಒಬ್ಬ ಆಳಿನ ಕೈಹಿಡಿದುಕೊಂಡು ಕಾಳಗಕ್ಕೆ ಹೋಗಿ ಸತ್ತ. ಇನ್ನೊಬ್ಬ ಅರಿಸ್ಟೋಡೆಮಸ್, ಊರಿಗೆ ಮರಳಿದ. ಊರಲ್ಲಿ ಅವನಿಗೆ ಬೆಂಕಿ ಕೊಡುವವರಿಲ್ಲ, ಮಾತಾಡಿಸುವವರಿಲ್ಲ. ನಡುಕದವನು ಎಂದೇ ಅವನ ಹೆಸರಾಯಿತು. ಮರುವರ್ಷ ಪ್ಲಾಟಿಯದ ಯುದ್ಧದಲ್ಲಿ ಅವನು ಸಾಲು ಬಿಟ್ಟು ಹುಚ್ಚನಂತೆ ನುಗ್ಗಿ, ಎಲ್ಲರಿಗಿಂತ ಹೆಚ್ಚು ಹೋರಾಡಿ ಸತ್ತನೆಂದು ಹೆರೊಡೊಟಸ್ ಬರೆಯುತ್ತಾನೆ. ಸ್ಪಾರ್ಟಾದವರು ಮಾತ್ರ ಅವನಿಗೆ ಗೌರವ ಕೊಡಲಿಲ್ಲ. ಅವನು ಸಾಯಲು ಬಯಸಿದ್ದ, ಅದೇ ಯುದ್ಧದಲ್ಲಿದ್ದ ಇನ್ನೊಬ್ಬ ಸ್ಪಾರ್ಟಾದವ ಪೊಸಿಡೋನಿಯಸ್ ಬದುಕಲು ಬಯಸಿಯೂ ನಿಂತು ಹೋರಾಡಿದ, ಆದ್ದರಿಂದ ಪೊಸಿಡೋನಿಯಸನೇ ದೊಡ್ಡವನು ಎಂಬುದು ಅವರ ತೀರ್ಪು.

ತೀರ್ಪಿನ ತರ್ಕ ಸರಿ. ಬದುಕಬೇಕೆನ್ನುವ ಆಸೆ ಇದ್ದವನಲ್ಲಿ ಮಾತ್ರ ಭಯ ಇರುತ್ತದೆ, ಭಯ ಇದ್ದವನಲ್ಲಿ ಮಾತ್ರ ಧೈರ್ಯಕ್ಕೆ ಕೆಲಸ ಇರುತ್ತದೆ. ಆದರೆ ಆ ಮನುಷ್ಯನಿಗೆ ಬದುಕುವ ಆಸೆಯನ್ನು ಕಳೆದವರು ಯಾರು? ಬೆಂಕಿ ಕೊಡದ ಅದೇ ನೆರೆಹೊರೆ. ಮೊದಲು ಅವಮಾನ ಮಾಡಿ ಸಾವಿನ ಬಾಯಿಗೆ ದೂಡಿ, ಆಮೇಲೆ ಸಾಯಲು ಹೋದನೆಂದು ಮರ್ಯಾದೆ ನಿರಾಕರಿಸಿದರು. ಈ ಎರಡು ಅನ್ಯಾಯಗಳಲ್ಲಿ ಮೊದಲನೆಯದೇ ಘೋರ.

ಹಳೆಯ ಕಾಳಗಕ್ಕೂ ಹೊಸ ಕಾಳಗಕ್ಕೂ ಭಯದ ಲೆಕ್ಕದಲ್ಲಿ ಏನು ವ್ಯತ್ಯಾಸ? ಇದನ್ನು ಕೂಲಂಕಷವಾಗಿ ಯೋಚಿಸಿದವರಲ್ಲಿ ಮೊದಲಿಗ ಫ್ರೆಂಚ್ ಸೇನಾಧಿಕಾರಿ ಆರ್ದಾಂ ದ್ಯು ಪಿಕ್. 1870ರಲ್ಲಿ ಮೆಟ್ಜ್ ಬಳಿ ಗಾಯಗೊಂಡು ತೀರಿಕೊಂಡ. ಹಳೆಯ ಯುದ್ಧಗಳಲ್ಲಿ ಎದುರುಬದುರು ನಿಂತಾಗ ಸತ್ತವರು ಕಡಿಮೆ, ಒಂದು ಕಡೆಯವರು ಬೆನ್ನು ತಿರುಗಿಸಿದ ಮೇಲೆ ನಡೆದದ್ದೇ ಹತ್ಯಾಕಾಂಡ ಎಂದು ಅವನು ತೋರಿಸಿದ. ಮುಂದಿನ ಸಾಲಿನವನಿಗೆ ಹಿಂದೆ ಜನ, ಪಕ್ಕದಲ್ಲಿ ಜನ, ಎದುರಿಗೆ ಕಣ್ಣಿಗೆ ಕಾಣುವ ಶತ್ರು. ಓಡಲು ಜಾಗವಿಲ್ಲ, ಓಡಿದರೆ ಸಾವು ಹೆಚ್ಚು. ಬಂದೂಕು ಫಿರಂಗಿಗಳು ಬಲಿತ ಮೇಲೆ ಸಾಲು ಒಡೆಯಿತು, ಸೈನಿಕ ಚದುರಿಹೋದ. ಪಕ್ಕದವನು ಕಾಣುವುದಿಲ್ಲ, ಶತ್ರುವೂ ಕಾಣುವುದಿಲ್ಲ, ಸಾವು ಮಾತ್ರ ಎಲ್ಲಿಂದಲೋ ಬರುತ್ತದೆ. ಒಬ್ಬರನ್ನೊಬ್ಬರು ಬಲ್ಲ ಸಾಮಾನ್ಯರ ಗುಂಪು ಪರಸ್ಪರ ಅಪರಿಚಿತರಾದ ಶೂರರ ಗುಂಪಿಗಿಂತ ಗಟ್ಟಿ ಎಂಬ ಅವನ ಮಾತನ್ನು ಇಂದಿಗೂ ಸೇನೆಗಳು ಪಾಠವಾಗಿ ಓದುತ್ತವೆ.

1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಪಡೆಗಳು ಹೈಫಾ ಪಟ್ಟಣವನ್ನು ಗೆದ್ದದ್ದು ಕುದುರೆಯ ಮೇಲೆ, ಭರ್ಜಿ ಹಿಡಿದು, ಮೆಷಿನ್ ಗನ್‌ಗಳ ಎದುರು. ಹಳೆಯ ಧೈರ್ಯದ ಕೊನೆಯ ದೊಡ್ಡ ಉದಾಹರಣೆಗಳಲ್ಲಿ ಅದೊಂದು. ಓಡುವ ಕುದುರೆಯ ಮೇಲಿದ್ದವನಿಗೆ ಹೆದರಲು ಪುರಸೊತ್ತು ಕಡಿಮೆ. ಅದೇ ಮಹಾಯುದ್ಧದಲ್ಲಿ ಯುರೋಪಿನ ಕಂದಕಗಳಲ್ಲಿ ಫಿರಂಗಿ ಗುಂಡಿನ ಅಡಿಯಲ್ಲಿ ವಾರಗಟ್ಟಲೆ ಕೂತವರಿಗೆ ಮಾಡಲು ಏನೂ ಇರಲಿಲ್ಲ. ಹೊಡೆಯುವಂತಿಲ್ಲ, ಓಡುವಂತಿಲ್ಲ. ಸಾವಿರಾರು ಜನ ಮಾತು ಕಳೆದುಕೊಂಡರು, ಕೈಕಾಲು ನಡುಕ ನಿಲ್ಲದಂತಾದರು. ಶೆಲ್ ಶಾಕ್ ಎಂಬ ಕಾಯಿಲೆ ವೈದ್ಯರ ಬರಹಗಳಿಗೆ ಬಂದದ್ದು ಆಗ, 1915ರಲ್ಲಿ.

ಹೊಸ ಯುದ್ಧದ ಧೈರ್ಯ ಹೇಗಿರುತ್ತದೆಂದು ನೋಡಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮದೇ ಜಿಲ್ಲೆಯ ಕಾರವಾರ ತಾಲೂಕಿನ ಚೆಂಡಿಯಾದಲ್ಲಿ 1918ರಲ್ಲಿ ಹುಟ್ಟಿದ ರಾಮ ರಾಘೋಬಾ ರಾಣೆ ಬಾಂಬೆ ಸ್ಯಾಪರ್ಸ್ ಪಡೆಯವರು. ಸ್ಯಾಪರ್‌ಗಳ ಕೆಲಸ ದಾರಿ ಮಾಡುವುದು: ನೆಲಬಾಂಬು ತೆಗೆಯುವುದು, ಅಡ್ಡ ಬಿದ್ದದ್ದನ್ನು ಸ್ಫೋಟಿಸುವುದು. 1948ರ ಏಪ್ರಿಲ್‌ನಲ್ಲಿ ಜಮ್ಮುವಿನ ನೌಶೇರಾದಿಂದ ರಾಜೌರಿಗೆ ಟ್ಯಾಂಕುಗಳು ಹೋಗಬೇಕಿತ್ತು. ರಸ್ತೆ ತುಂಬ ನೆಲಬಾಂಬು, ಕಡಿದು ಕೆಡವಿದ ಪೈನ್ ಮರಗಳು, ಒಡೆದ ಮೋರಿಗಳು. ಎಲ್ಲದರ ಮೇಲೂ ಶತ್ರುವಿನ ಮೆಷಿನ್ ಗನ್ ಕಾವಲು.

ಅವರ ಪರಮವೀರ ಚಕ್ರದ ಪ್ರಶಸ್ತಿಪತ್ರವನ್ನು ಓದಿದರೆ ಅದು ಗಡಿಯಾರ ನೋಡಿ ಬರೆದ ದಿನಚರಿಯಂತಿದೆ. ಏಪ್ರಿಲ್ 8ರ ಬೆಳಗ್ಗೆ 11 ಗಂಟೆ, ಕೆಲಸ ಶುರುವಾಗುವ ಮೊದಲೇ ಮಾರ್ಟರ್ ದಾಳಿ. ಇಬ್ಬರು ಸತ್ತರು, ರಾಣೆಯವರೂ ಸೇರಿ ಐವರಿಗೆ ಗಾಯ. ಉಳಿದವರನ್ನು ಕೂಡಲೇ ಕಲೆಹಾಕಿ ಕೆಲಸಕ್ಕೆ ಹಚ್ಚಿದರು. ರಾತ್ರಿ 10ರವರೆಗೆ ದುಡಿತ. 9ರಂದು ಬೆಳಗ್ಗೆ 6ಕ್ಕೆ ಮತ್ತೆ ಆರಂಭ, ಮಧ್ಯಾಹ್ನ 3ಕ್ಕೆ ಟ್ಯಾಂಕುಗಳಿಗೆ ಬಳಸುದಾರಿ ಸಿದ್ಧ. ಅರ್ಧ ಮೈಲಿ ಹೋದರೆ ಮರಗಳ ಅಡ್ಡಗಟ್ಟು, ಇಳಿದು ಸ್ಫೋಟಿಸಿದರು. ಮುನ್ನೂರು ಗಜ ಹೋದರೆ ಮತ್ತೊಂದು. ಸಂಜೆ ಆರೂಕಾಲಿಗೆ ಕತ್ತಲಾಗುವಾಗ ಐದು ದೊಡ್ಡ ಮರಗಳು, ಸುತ್ತ ನೆಲಬಾಂಬು. ಅಲ್ಲಿಗೆ ಆ ದಿನ ನಿಲ್ಲಿಸಲು ಮೇಲಿನಿಂದ ಅಪ್ಪಣೆಯಾಯಿತು. 10ರಂದು ನಸುಕಿನ ಪೌಣೆ ಐದಕ್ಕೇ ಅದೇ ಮರಗಳ ಬುಡದಲ್ಲಿ ರಾಣೆ. ಆರೂವರೆಗೆ ಅದು ತೆರವು, ಹತ್ತೂವರೆಗೆ ಮುಂದಿನ ಸಾವಿರ ಗಜ ತೆರವು. ಮಧ್ಯಾಹ್ನ 2ಕ್ಕೆ ಟ್ಯಾಂಕುಗಳು ಚಿಂಗಸ್ ತಲುಪಿದವು. ಅವರು ಅನ್ನ, ವಿಶ್ರಾಂತಿ ಇಲ್ಲದೆ ರಾತ್ರಿ 9ರವರೆಗೆ ಹಿಂದಿನ ವಾಹನಗಳಿಗೆ ರಸ್ತೆ ಮಾಡುತ್ತಲೇ ಇದ್ದರು. 11ರಂದು ಬೆಳಗ್ಗೆ 6ಕ್ಕೆ ಮತ್ತೆ.

ಇದರಲ್ಲಿ ಎಲ್ಲಿಯೂ ಚಂಡೆ ಬಡಿಯುವ ಕ್ಷಣವಿಲ್ಲ. ಶತ್ರುವಿನ ಮುಖ ಇಲ್ಲ, ಸವಾಲು ಇಲ್ಲ. ಗಾಯಗೊಂಡ ಒಬ್ಬ ಮನುಷ್ಯ, ಪಕ್ಕದಲ್ಲಿ ಆಗಷ್ಟೇ ಸತ್ತ ಇಬ್ಬರು, ಮುಂದೆ ಒಂದಾದ ಮೇಲೊಂದು ಮರ. ಹಳೆಯ ವೀರನಿಗೆ ಒಮ್ಮೆ ಬೇಕಾಗಿದ್ದ ಧೈರ್ಯ ಇಲ್ಲಿ ನಾಲ್ಕು ದಿನ ಗಂಟೆಗೊಮ್ಮೆ ಬೇಕಾಯಿತು. ಅದು ಬಂದದ್ದು ಎಲ್ಲಿಂದ? ರಾಣೆ 1940ರಿಂದಲೂ ಸೈನ್ಯದಲ್ಲಿದ್ದವರು, ಬರ್ಮಾ ಯುದ್ಧದಲ್ಲಿ ಜಪಾನಿ ಸಾಲುಗಳ ನಡುವಿನಿಂದ ತಮ್ಮ ತುಕಡಿಯನ್ನು ಕರೆತಂದವರು. ಕೈಗೆ ಕೆಲಸ ಪಳಗಿತ್ತು, ಜೊತೆಗೆ ತಮ್ಮ ಜನರಿದ್ದರು. ಅರ್ಜುನ ಉತ್ತರನಿಗೆ ಕೊಟ್ಟದ್ದೂ ಇವೆರಡನ್ನೇ. 1947–48ರ ಯುದ್ಧದ ಐದು ಪರಮವೀರ ಚಕ್ರಗಳಲ್ಲಿ ಬದುಕಿದ್ದು ಪಡೆದವರು ಇಬ್ಬರೇ, ಅವರಲ್ಲಿ ರಾಣೆ ಒಬ್ಬರು. 1994ರಲ್ಲಿ ತೀರಿಕೊಂಡರು. ಕಾರವಾರದ ಕಡಲತೀರದಲ್ಲಿ ಅವರ ಪ್ರತಿಮೆ ಇದೆ. ಗೋಕರ್ಣಕ್ಕೆ, ಕಾರವಾರಕ್ಕೆ ಪ್ರವಾಸ ಹೋಗುವ ನಮ್ಮ ಮಕ್ಕಳಿಗೆ ಆ ನಾಲ್ಕು ದಿನಗಳ ಕಥೆಯನ್ನು ಗಂಟೆಗಂಟೆಯಾಗಿ ಹೇಳುವವರು ಬೇಕು.

ಸಿಯಾಚಿನ್‌ನಲ್ಲಿ ಶತ್ರುವೂ ಬೇಕಾಗುವುದಿಲ್ಲ. ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಮತ್ತು ಅವರ ಒಂಬತ್ತು ಸಂಗಾತಿಗಳು 2016ರ ಫೆಬ್ರವರಿ 3ರಂದು ಸುಮಾರು 19,600 ಅಡಿ ಎತ್ತರದ ಠಾಣೆಯಲ್ಲಿ ಹಿಮದಡಿ ಸಿಲುಕಿದರು. ಹನುಮಂತಪ್ಪ ಆರನೆಯ ದಿನ ಜೀವಂತ ಸಿಕ್ಕಿ, 11ರಂದು ದೆಹಲಿಯಲ್ಲಿ ತೀರಿಕೊಂಡರು. ಅಂದು ಇಡೀ ನಾಡು ಅತ್ತಿತು. ಅಂಥ ಠಾಣೆಗಳಲ್ಲಿ ತಿಂಗಳುಗಟ್ಟಲೆ ಕಳೆದು ಸುರಕ್ಷಿತವಾಗಿ ಮರಳಿದವರ ಮನಸ್ಸಿನಲ್ಲಿ ಏನು ಉಳಿದಿರುತ್ತದೆ ಎಂದು ಕೇಳಿದವರು ಎಷ್ಟು ಜನ?

ಮೊದಲ ಮಹಾಯುದ್ಧದ ಕಂದಕಗಳಲ್ಲಿ ವೈದ್ಯನಾಗಿದ್ದ ಲಾರ್ಡ್ ಮೊರಾನ್ 1945ರಲ್ಲಿ ಬರೆದ ಪುಸ್ತಕದಲ್ಲಿ ಧೈರ್ಯವನ್ನು ಬ್ಯಾಂಕಿನಲ್ಲಿಟ್ಟ ಹಣಕ್ಕೆ ಹೋಲಿಸಿದ. ಪ್ರತಿಯೊಬ್ಬನಲ್ಲೂ ಅದು ಇಷ್ಟೇ ಎಂದು ಇರುತ್ತದೆ, ತೆಗೆಯುತ್ತ ಹೋದರೆ ಮುಗಿಯುತ್ತದೆ. ಅವನು ಇದನ್ನು ಕಲಿತದ್ದು ತನ್ನ ಕಣ್ಣೆದುರೇ ಒಳ್ಳೊಳ್ಳೆಯ ಸೈನಿಕರು ಬರಿದಾಗುವುದನ್ನು ನೋಡಿ. ಅಂಥವರಲ್ಲಿ ಕೆಲವರನ್ನು ಅವರ ಸರ್ಕಾರವೇ ಕಂಬಕ್ಕೆ ಕಟ್ಟಿ ಗುಂಡಿಕ್ಕಿತ್ತು. ಓಡಿಹೋದರು, ಹೇಡಿಗಳಾದರು ಎಂಬಂಥ ಆರೋಪಗಳ ಮೇಲೆ ಕೊಂದ 306 ಸೈನಿಕರಿಗೆ ಬ್ರಿಟನ್ 2006ರಲ್ಲಿ ಮರಣೋತ್ತರ ಕ್ಷಮೆ ಕೊಟ್ಟಿತು. ತೊಂಬತ್ತು ವರ್ಷ ಅವರ ಮನೆಗಳವರು ತಲೆತಗ್ಗಿಸಿ ಬದುಕಿದ್ದರು.

ಭಯಕ್ಕೆ ಹೀಗೆ ರಿಯಾಯಿತಿ ಕೊಟ್ಟರೆ ಗಡಿಯಲ್ಲಿ ಯಾರು ನಿಲ್ಲುತ್ತಾರೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಹಗುರವಾದದ್ದಲ್ಲ. ಒಬ್ಬ ಓಡಿದರೆ ಪಕ್ಕದ ಹತ್ತು ಜನರ ಜೀವ ಹೋಗಬಹುದು, ಶಿಸ್ತಿಲ್ಲದ ಸೇನೆ ಸೇನೆಯೇ ಅಲ್ಲ. ಅರ್ಜುನನೂ ಉತ್ತರನನ್ನು ಓಡಲು ಬಿಡಲಿಲ್ಲ, ಹಿಡಿದು ಎಳೆದುಕೊಂಡೇ ಬಂದ. ಕರ್ತವ್ಯ ಬಿಟ್ಟವನಿಗೆ ಶಿಕ್ಷೆ ಇರಲಿ, ಹುದ್ದೆ ಹೋಗಲಿ, ಸೆರೆಯೂ ಆಗಲಿ. ಆದರೆ ಶತ್ರುವಿನ ಎದುರು ಮೈಮನಸ್ಸು ಸೋತುಹೋದ ಒಂದು ಗಳಿಗೆಗೆ ಪ್ರಾಣವನ್ನೇ ಬೆಲೆಯಾಗಿ ಕೇಳುವುದು ಬೇರೆ ಮಾತು. ಮರಣದಂಡನೆಯ ಹೆದರಿಕೆ ಸೈನಿಕನನ್ನು ನಿಲ್ಲಿಸುತ್ತದೆ ಎಂಬ ನಂಬಿಕೆಯನ್ನು ಬ್ರಿಟನ್ 1930ರಲ್ಲೇ ಕೈಬಿಟ್ಟಿತು. ಹೇಡಿತನಕ್ಕೂ ಪಲಾಯನಕ್ಕೂ ಇದ್ದ ಮರಣದಂಡನೆಯನ್ನು ರದ್ದು ಮಾಡಿತು. ಒಂಬತ್ತು ವರ್ಷಗಳ ನಂತರ ಶುರುವಾದ ಮಹಾಯುದ್ಧವನ್ನು ಅದರ ಸೇನೆ ಆ ಶಿಕ್ಷೆಯಿಲ್ಲದೆಯೇ ಹೋರಾಡಿ ಗೆದ್ದಿತು.

ನಮ್ಮಲ್ಲಿ 1950ರ ಸೇನಾ ಕಾಯ್ದೆಯ 34ನೆಯ ಕಲಮು ಇಂದಿಗೂ ಶತ್ರುವಿನ ಎದುರು ಹೇಡಿತನ ತೋರಿದವನಿಗೆ ಮರಣದಂಡನೆಯವರೆಗೆ ಶಿಕ್ಷೆ ಕೊಡಲು ಅವಕಾಶ ಇಟ್ಟುಕೊಂಡಿದೆ. ನ್ಯಾಯಾಲಯ ಅದಕ್ಕಿಂತ ಕಡಿಮೆ ಶಿಕ್ಷೆಯನ್ನೂ ಕೊಡಬಹುದು, ಸರಿ. ಆದರೂ ಶತ್ರುವಿಗೆ ಕೋಟೆ ಬಿಟ್ಟುಕೊಟ್ಟ ದ್ರೋಹಿಯನ್ನೂ ಭಯದಿಂದ ಕುಸಿದ ಇಪ್ಪತ್ತರ ಹುಡುಗನನ್ನೂ ಒಂದೇ ಕಲಮಿನಲ್ಲಿ ನಿಲ್ಲಿಸುವುದು ಸರಿಯಲ್ಲ. ಆಕಾಶದಿಂದ ಡ್ರೋನ್ ಹುಡುಕಿಕೊಂಡು ಬಂದು ಹೊಡೆಯುವ ಕಾಲದಲ್ಲಿ ಆ ಹುಡುಗನ ಮೇಲಿನ ಹೊರೆ ಇನ್ನೂ ಹೆಚ್ಚಿದೆ. ಸಂಸತ್ತು ಹೇಡಿತನದ ಅಪರಾಧವನ್ನು ಆ ಕಲಮಿನಿಂದ ಹೊರಗೆ ತೆಗೆಯಬೇಕು. ವಿಚಾರಣೆಗೆ ಮೊದಲು ಮನೋವೈದ್ಯರ ಪರೀಕ್ಷೆಯನ್ನು ಕಡ್ಡಾಯ ಮಾಡಬೇಕು. ಉತ್ತರ ಕನ್ನಡದ ಓದುಗರು ತಮ್ಮ ಸಂಸದರಿಗೆ ಈ ಬಗ್ಗೆ ಒಂದು ಕಾಗದ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.